ವೇಗದ ಬೌಲರನ ಟೊಂಕಕ್ಕೆ ನನ್ನ ಕಾಲು

ನಾನು ಈ ಲೋಕಕ್ಕೆ ಬರುವಾಗ ತಲೆಯನ್ನು ಹಿಂದಿಟ್ಟು ಕಾಲನ್ನು ಮುಂದಿಟ್ಟು ಬಂದೆನಂತೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಆಗ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಆದರೆ ನಮ್ಮ ರೋಣದ ಕಡೆ ಹೀಗೆ ಕಾಲು ಮುಂದಾಗಿ ಹುಟ್ಟಿದವನಿಗೆ ಹುಟ್ಟಿದ ದಿನವೇ ಒಂದು ಹುದ್ದೆ ಸಿಕ್ಕಿಬಿಡುತ್ತದೆ. ಸಂಬಳವಿಲ್ಲ, ನಿವೃತ್ತಿಯಿಲ್ಲ, ರಾಜೀನಾಮೆ ಕೊಡೋಣವೆಂದರೆ ಮೇಲಧಿಕಾರಿಯೂ ಇಲ್ಲ. ಊರಲ್ಲಿ ಯಾರಿಗೆ ಟೊಂಕ ಹಿಡಿದರೂ, ಬೆನ್ನಿಗೆ ಚಳಕು ಹೊಡೆದರೂ, ಅವರು ರವಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಅವನಿಂದ ಒದೆಸಿಕೊಂಡು ಹೋಗಬೇಕು.

ನಮ್ಮದು ದಲಾಲಿ ಅಂಗಡಿ. ಕಡಲೆ, ಹೆಸರು, ಜೋಳ, ಉಳ್ಳಾಗಡ್ಡಿಯ ವ್ಯಾಪಾರ. ದಿನವಿಡೀ ಚೀಲ ಹೊರುವ ಹಮಾಲರ ನಡುವೆ ಬೆಳೆದವನಿಗೆ ಟೊಂಕಗಳ ಅಭಾವ ಎಂದೂ ಆಗಲಿಲ್ಲ. ಸಣ್ಣವನಿದ್ದಾಗ ನನ್ನನ್ನು ಎತ್ತಿಕೊಂಡು ಹೋಗಿ ಅವರ ಬೆನ್ನಿಗೆ ನನ್ನ ಕಾಲು ಮುಟ್ಟಿಸುತ್ತಿದ್ದರಂತೆ. ದೊಡ್ಡವನಾದ ಮೇಲೆ ಆ ಕೆಲಸವನ್ನು ನಾನೇ ನಿಂತು ಮಾಡಿದೆ. ಈಗ ನನಗೇ ಟೊಂಕ ಹಿಡಿಯುವ ವಯಸ್ಸು. ಆದರೆ ತನ್ನ ಬೆನ್ನಿಗೆ ತಾನೇ ಒದ್ದುಕೊಳ್ಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ.

ಪದ್ಧತಿ ಹೀಗಿದೆ. ಬಂದವರು ಅಂಗಡಿಯ ಒಳಗೆ ಹಾಸಿದ ಖಾಲಿ ಚೀಲದ ಮೇಲೆ, ಹೊಸ್ತಿಲ ಕಡೆ ತಲೆ ಮಾಡಿ, ಬೋರಲು ಮಲಗಬೇಕು. ನಾನು ಬಲಗಾಲ ಹಿಮ್ಮಡಿಯನ್ನು ನೋವಿನ ಜಾಗಕ್ಕೆ ಮೂರು ಸಲ ಮುಟ್ಟಿಸಬೇಕು. ಒದೆ ಎನ್ನುವುದು ಹೆಸರಿಗೆ ಮಾತ್ರ. ಖರೇ ಒದ್ದರೆ ಮಂದಿ ತಿರುಗಿ ಒದೆಯುತ್ತಾರೆ. ಮೂರೂ ಸಲ ಮುಟ್ಟಿಸಿ ಮುಗಿಯುವವರೆಗೆ ಇಬ್ಬರೂ ಬಾಯಿ ಬಿಡುವಂತಿಲ್ಲ. ಮೂರನೆಯದು ಮುಗಿದ ಕೂಡಲೇ ನಾನು "ಹೋತೇನು?" ಎಂದು ಕೇಳಬೇಕು. ಮಲಗಿದವರು "ಹೋತು" ಎನ್ನಬೇಕು. ಆಮೇಲೆ ಎದ್ದು, ನಮಸ್ಕಾರ ಹೇಳದೆ, ತಿರುಗಿ ನೋಡದೆ ಹೊರಟುಬಿಡಬೇಕು.

ಈ "ಹೋತು" ಎನ್ನುವುದು ವರದಿಯಲ್ಲ. ಮಂಗಳಾರತಿಯ ಹೊತ್ತಿಗೆ ಕೈ ಮುಗಿದ ಹಾಗೆ ಅದೊಂದು ಕ್ರಮ. ಬ್ಯಾನಿ, ಅಂದರೆ ನೋವು, ಹೋಗಿರಲಿ, ಇದ್ದಲ್ಲೇ ಇರಲಿ, ಹೋತು ಎಂದೇ ಹೇಳಬೇಕು. ಇಲ್ಲ ಅಂದರೆ ಆ ಮಾತನ್ನು ಬ್ಯಾನಿ ಕೇಳಿಸಿಕೊಂಡು ಅಲ್ಲೇ ಠಿಕಾಣಿ ಹೂಡುತ್ತದೆ ಎಂದು ಹಿರಿಯರ ತಿಳುವಳಿಕೆ. ಒಬ್ಬ ಹಮಾಲ ಗಟ್ಟಿಯಾಗಿ ಹೋತು ಅಂದ ಮೇಲೆ ಅವನನ್ನು ನೆಲದಿಂದ ಎಬ್ಬಿಸಲು ಇನ್ನಿಬ್ಬರು ಹಮಾಲರು ಬೇಕಾದರು. ಅವರೂ ಹೋಗುವಾಗ, ಮಾಲಕರೇ, ಚಲೋ ಆತು ನೋಡ್ರಿ, ಎಂದೇ ಹೇಳಿ ಹೋದರು.

ನಾನು ಕಲಿತ ಸಾಲಿಯ ಹೆಡ್ ಮಾಸ್ತರರು ಕೂಡ ಒಮ್ಮೆ ಬಂದಿದ್ದರು. ಬಾಲ್ಯದಲ್ಲಿ ನನ್ನ ಅಂಗೈಗಳಿಗೆ ಅವರ ಬೆತ್ತದ ಪರಿಚಯ ಚೆನ್ನಾಗಿತ್ತು. ಧೋತರ ಸರಿಪಡಿಸಿಕೊಂಡು ಚೀಲದ ಮೇಲೆ ಮಲಗುವ ಮೊದಲು ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿ, "ಹಳೇದೆಲ್ಲಾ ಮನಸ್ಸಿನ್ಯಾಗ ಇಟಗೊಂಡು ಒದಿಬ್ಯಾಡಲೇ" ಅಂದರು. ಶಿಷ್ಯನೊಬ್ಬ ಗುರುವಿಗೆ ಶಾಸ್ತ್ರೋಕ್ತವಾಗಿ ಕಾಲು ತಾಗಿಸುವ ಭಾಗ್ಯ ನನ್ನನ್ನು ಬಿಟ್ಟು ತಾಲೂಕಿನಲ್ಲಿ ಬೇರೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ನಿನಗೆ ಇದರಲ್ಲಿ ನಂಬಿಕೆ ಇದೆಯೇ ಎಂದು ಓದಿದವರು ಕೇಳುವುದುಂಟು. ಟಪಾಲು ತರುವವನನ್ನು ಯಾರೂ, ಪತ್ರದಲ್ಲಿ ಬರೆದದ್ದನ್ನು ನಂಬುತ್ತೀಯಾ ಎಂದು ಕೇಳುವುದಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ಕಾಲಿನ ಮಹಿಮೆ ಹಾಡುವುದಕ್ಕಲ್ಲ. ನಮ್ಮ ಅಕ್ಕನ ಮಗನ ಬೆನ್ನಿನ ಕಥೆ ಹೇಳಬೇಕಾಗಿದೆ; ಅದು ಈ ಕಾಲನ್ನು ಹಾದೇ ಹೋಗುತ್ತದೆ.

ಅಕ್ಕನನ್ನು ಗಜೇಂದ್ರಗಡಕ್ಕೆ ಕೊಟ್ಟಿತ್ತು. ಭಾವನವರದು ಅಲ್ಲಿ ಸೀರೆ ಅಂಗಡಿ. ಒಬ್ಬನೇ ಮಗ. ಸಾಲಿಗೆ ಸೂಟಿ ಬಿಟ್ಟರೆ ಅವನು ರೋಣದ ನಮ್ಮ ಮನೆಯಲ್ಲೇ. ಕಡಲೆ ಕಿತ್ತ ಮೇಲೆ ಕಪ್ಪು ಮಣ್ಣಿನ ನಮ್ಮ ಎರೆ ಹೊಲಗಳು ಬೇಸಿಗೆಗೆ ಬಾಯಿ ಬಿಡುತ್ತವಲ್ಲ, ಕೈ ಹಾಕಿದರೆ ಮೊಣಕೈವರೆಗೆ ಹೋಗುವಂಥ ಬಿರುಕುಗಳು, ಅಂಥ ನೆಲದಲ್ಲಿ ಅವನು ಮತ್ತು ಅವನ ಜೊತೆಯವರು ಚೆಂಡಾಟ ಹೂಡುತ್ತಿದ್ದರು. ಇವನು ದೂರದಿಂದ ಓಡಿ ಬರುತ್ತಿದ್ದ. ಬಿರುಕಿನಲ್ಲಿ ಕಾಲು ಸಿಕ್ಕಬಾರದೆಂದು ಉದ್ದುದ್ದ ಹಾರಿ ಹೆಜ್ಜೆ ಹಾಕುತ್ತಿದ್ದ. ಮುಂದೆ ಅವನು ಟೀವಿಯಲ್ಲಿ ಕಾಣತೊಡಗಿದಾಗ, ಕೋಟು ಹಾಕಿದ ಪಂಡಿತರೊಬ್ಬರು ಆ ಓಟದ ಲಯವನ್ನು ಜಿಂಕೆಗೆ ಹೋಲಿಸಿ ಬಹಳ ಹೊತ್ತು ಮಾತಾಡಿದರು. ನಮ್ಮ ಅಂಗಡಿಯಲ್ಲಿ ಕೂತವರಿಗೆ ಅದು ಬಿರುಕು ದಾಟುವ ಹೆಜ್ಜೆ ಎಂದು ಗೊತ್ತಿತ್ತು.

ನರಗುಂದದಲ್ಲಿ ಟೆನಿಸ್ ಚೆಂಡಿನ ಪಂದ್ಯಾವಳಿ ನಡೆದಾಗ ಅವನಿನ್ನೂ ಮೀಸೆ ಬರದ ಹುಡುಗ. ಅವನೆಸೆದ ಚೆಂಡಿಗೆ ಸ್ಟಂಪೊಂದು ಮುರಿದುಬಿತ್ತು. ಬಡಗಿಯನ್ನು ಕರೆಸಿ ಬೇರೆ ಮಾಡಿಸುವವರೆಗೆ ಆಟ ನಿಂತಿತು. ಸರಣಿಯ ಉತ್ತಮ ಆಟಗಾರನಿಗೆ ಅಂತ ಒಂದು ಟಗರು ಕೊಟ್ಟರು. ಅದನ್ನು ಅವನು ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ತಂದ. ಕಂಡಕ್ಟರು ಟಗರಿಗೂ ಟಿಕೆಟ್ ಹರಿದ. ಮನೆಗೆ ಬಂದ ಟಗರು ಮೊದಲು ಭಾವನವರಿಗೆ ಹಾಯ್ದಿತು. ಅಂತರರಾಷ್ಟ್ರೀಯ ವೇಗದ ಬೌಲರನೊಬ್ಬನ ಮೊದಲ ಗಳಿಕೆಯ ಇತಿಹಾಸ ಇಷ್ಟು.

ಆಮೇಲಿನದು ಎಲ್ಲ ಆಟಗಾರರ ಕಥೆಯ ಹಾಗೆಯೇ. ಹುಬ್ಬಳ್ಳಿಯ ಮೈದಾನ, ಮ್ಯಾಟಿನ ಮೇಲೆ ತೊಗಲಿನ ಚೆಂಡು, ಯಾರದೋ ಕಣ್ಣಿಗೆ ಬಿದ್ದದ್ದು, ರಾಜ್ಯದ ಕಿರಿಯರ ತಂಡ, ಹಿರಿಯರ ತಂಡ. ಕೊನೆಗೆ ಒಂದು ಸಂಜಿ ಅವನ ಫೋನು ಬಂತು. ದೇಶದ ತಂಡಕ್ಕೆ ಕರೆ ಬಂದಿತ್ತು. ಅಕ್ಕ ಕೇಳಿದ್ದು, ಅಲ್ಲಿ ರೊಟ್ಟಿ ಸಿಗತಾವೇನು ಎಂಬ ಒಂದೇ ಪ್ರಶ್ನೆ.

ಮೊದಲ ಪಂದ್ಯದ ದಿನ ಪ್ಯಾಟಿಯಲ್ಲಿ ಹರಾಜಿನ ಸವಾಲು ಕೂಗುವವರೇ ಇರಲಿಲ್ಲ. ನಮ್ಮ ಅಂಗಡಿಯ ಟೀವಿಯ ಮುಂದೆ ಹಮಾಲರು, ಖರೀದಿದಾರರು, ಚೀಲ ಇಳಿಸಲು ಬಂದ ರೈತರು ಎಲ್ಲ ತುಂಬಿಕೊಂಡಿದ್ದರು. ಅವನು ಮೊದಲ ಬಾರಿ ಸ್ಟಂಪ್ ಹಾರಿಸಿದಾಗ, ಕ್ರಿಕೆಟ್ ಎಂದರೇನೆಂದು ತಿಳಿಯದ ಮುದುಕ ವ್ಯಾಪಾರಿಯೊಬ್ಬರು ಇನ್ನ ಎಷ್ಟ ಮಂದಿ ಅದಾರ ಎಂದು ವಿಚಾರಿಸಿದರು. ಉಳಿದವರನ್ನೂ ಇವನೇ ಮುಗಿಸುತ್ತಾನೆಂದು ಅವರ ಭಾವನೆ. ಅಕ್ಕನೂ ಅವತ್ತು ರೋಣಕ್ಕೆ ಬಂದಿದ್ದಳು. ಅವಳು ಸ್ಟಂಪನ್ನಾಗಲಿ ಚೆಂಡನ್ನಾಗಲಿ ನೋಡಲಿಲ್ಲ. ನಿಧಾನಗತಿಯಲ್ಲಿ ಮತ್ತೆ ತೋರಿಸುವಾಗ ಅವನ ಮುಂಗಾಲು ನೆಲಕ್ಕೆ ಅಪ್ಪಳಿಸಿ, ಮೈಯೆಲ್ಲ ಹಸಿ ಬರಲು ಕಡ್ಡಿಯ ಹಾಗೆ ಒಂದು ಮಗ್ಗುಲಿಗೆ ಬಾಗುತ್ತಿತ್ತಲ್ಲ, ಅದನ್ನೇ ನೋಡುತ್ತ ಕೂತಿದ್ದಳು.

"ಅಷ್ಟ ಜೋರ ಕಾಲ ಯಾಕ ಬಡೀತಾನ ನೆಲಕ್ಕ?" ಎಂದು ನನ್ನನ್ನು ಕೇಳಿದಳು. ಅದೇ ವೇಗದ ಗುಟ್ಟು ಎಂದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಮುಂದೆ ಬಸ್‌ಸ್ಟ್ಯಾಂಡಿನಲ್ಲಿ ಅವನ ದೊಡ್ಡ ಫಲಕ ಎದ್ದಿತು. ಅದರಲ್ಲಿ ಶುಭ ಕೋರಿದವರ ಚಿತ್ರಗಳು ಅವನ ಚಿತ್ರಕ್ಕಿಂತ ದೊಡ್ಡವಿದ್ದವು. ಅವನು ಹೊರದೇಶಗಳಲ್ಲಿ ಆಡಿದ, ಗೆಲ್ಲಿಸಿದ, ಕೆಲವೊಮ್ಮೆ ಚೆನ್ನಾಗಿ ಹೊಡೆಸಿಕೊಂಡ. ಹೊಡೆಸಿಕೊಂಡ ದಿನ ಮಿರ್ಚಿ ಭಜಿ ಕರಿಯುವವನು ಕೂಡ ನನ್ನನ್ನು ನಿಲ್ಲಿಸಿ, ಅಳಿಯಗ ಹೇಳ್ರಿ, ಸ್ವಲ್ಪ ಗಿಡ್ಡ ಹಾಕಾಕತ್ಯಾನ, ಎಂದು ಸಲಹೆ ಕೊಡುತ್ತಿದ್ದ.

ಹೀಗೆ ಎರಡು ಹಂಗಾಮು ಚಲೋ ನಡೆಯಿತು. ಮೂರನೆಯದರಲ್ಲಿ ಅವನು ಊರಿಗೆ ಬಂದ. ರಜೆಗೆಂದು ತಿಳಿದಿದ್ದೆವು. ಜಗಲಿ ಹತ್ತುವಾಗ ಕಂಬ ಹಿಡಿದುಕೊಂಡದ್ದನ್ನು ನೋಡಿದ ಮೇಲೆ ಗೊತ್ತಾಯಿತು. ಬೆನ್ನಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಿದ್ದು ಒಡೆದದ್ದಲ್ಲ, ಬಡಿದ ಜಾಗಕ್ಕೇ ಬಡಿದೂ ಬಡಿದೂ ಒಡೆದದ್ದು. ಡಾಕ್ಟರರು ಚೆಂಡು ಮುಟ್ಟಬೇಡ, ಓಡಬೇಡ, ಭಾರ ಎತ್ತಬೇಡ ಎಂದು ಕಳಿಸಿದ್ದರು. ಅವನ ಜಾಗದಲ್ಲಿ ಇನ್ನೊಬ್ಬ ಹುಡುಗ ಆಡುತ್ತಿದ್ದ. ಇವನು ಅಂಗಾತ ಮಲಗಿ, ಮೊಬೈಲನ್ನು ಎದೆಯ ಮೇಲೆ ನಿಲ್ಲಿಸಿಕೊಂಡು, ಆ ಹುಡುಗ ಹಾಕುವ ಒಂದೊಂದು ಚೆಂಡನ್ನೂ ನೋಡುತ್ತಿದ್ದ. ದಸರೆಯ ನಂತರ ಹೊರದೇಶದ ಪ್ರವಾಸವಿತ್ತು. ಅಷ್ಟರೊಳಗೆ ಬೆನ್ನು ಸರಿಯಾದರೆ ಜಾಗ ಇವನದು. ಇಲ್ಲದಿದ್ದರೆ ಆ ಹುಡುಗನದು. ಇಷ್ಟನ್ನು ಅವನು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಯಲ್ಲಿ ಎಲ್ಲರೂ ಅದೊಂದನ್ನೇ ಯೋಚಿಸುತ್ತಿದ್ದೆವು.

ಬಿರುಕು ಎಂಬ ಮಾತಿಗೆ ಅಕ್ಕ ಹೆದರಲಿಲ್ಲ. ಎರೆ ಸೀಮೆಯ ಹೆಣ್ಣುಮಗಳಿಗೆ ಬಿರುಕು ಹೊಸದಲ್ಲ. ಹೊಲ ಪ್ರತಿ ವರ್ಷ ಒಡೆಯುತ್ತದೆ, ಮಳೆ ಬಿದ್ದರೆ ಗುರುತೂ ಉಳಿಯದಂತೆ ಕೂಡಿಕೊಳ್ಳುತ್ತದೆ. ಎಲುಬಿಗೂ ಅಂಥದೊಂದು ಮಳೆ ಬರುವುದಿದೆ, ಅದನ್ನು ತರಿಸಬೇಕು ಅಷ್ಟೆ ಎಂದು ಅವಳ ಲೆಕ್ಕ. ಒಂದು ರವಿವಾರ ಮಗನನ್ನು ಕಾರಿನಲ್ಲಿ ಮಲಗಿಸಿಕೊಂಡು, ತಾನೂ ನೀರು ಕೂಡ ಮುಟ್ಟದೆ, ಬೆಳಕು ಹರಿಯುವ ಹೊತ್ತಿಗೆ ಅಂಗಡಿಗೆ ಬಂದಳು.

ನಾನು ಒಪ್ಪಲಿಲ್ಲ. ಇದು ಚಳಕಲ್ಲ, ಎಲುಬು ಒಡೆದದ್ದು, ದೊಡ್ಡ ದೊಡ್ಡ ಡಾಕ್ಟರರು ನೋಡುತ್ತಿರುವ ಬೆನ್ನು, ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ವಕೀಲನ ಹಾಗೆ ವಾದಿಸಿದೆ.

"ಊರ ಹಮಾಲ್ರಿಗೆಲ್ಲಾ ಕಾಲ ಕೊಟ್ಟಿ. ನನ್ನ ಮಗಗ ಇಲ್ಲ ಅಂತಿ ಏನು ತಮ್ಮಾ?"

"ಒಡದೈತಿ ಅಕ್ಕಾ ಅದು."

"ಒಡದಿದ್ದು ನನಗ ಗೊತ್ತಿಲ್ಲೇನು? ಒದಿ ಅಂತ ಯಾರಂದ್ರು? ಮುಟ್ಟಸು."

ಅವನು ಗೋಡೆ ಹಿಡಿದು ನಿಂತಿದ್ದವನು ಮೆಲ್ಲಗೆ ಅಂದ: "ಮುಟ್ಟಸಿಬಿಡ್ರಿ ಮಾಮಾ. ಅವ್ವ ಒಂದ ತುತ್ತು ಉಂಡಾಳು."

ಚೀಲ ಹಾಸಿದೆ. ಡಾಕ್ಟರರು ಕಲಿಸಿದ ಹಾಗೆ ಅವನು ಮೊದಲು ಮಗ್ಗುಲಾಗಿ, ಆಮೇಲೆ ನಿಧಾನಕ್ಕೆ ಬೋರಲಾದ. ಅಂಗಿ ಸರಿಸಿದಾಗ ಆ ಬೆನ್ನು ಕಂಡಿತು. ನನ್ನ ಕಾಲು ಕಂಡ ಬೆನ್ನುಗಳಲ್ಲೆಲ್ಲ ಅಷ್ಟು ಚೆಂದದ್ದು ಇರಲಿಲ್ಲ. ಹಮಾಲರ ಬೆನ್ನು ಚೀಲಕ್ಕೆ ತಕ್ಕಂತೆ ಮಡಿಸಿಕೊಂಡಿರುತ್ತದೆ; ಇದು ಬಿಲ್ಲಿನ ಹಾಗಿತ್ತು. ಒಳಗೆ ಒಡೆದಿದೆ ಎಂದು ಯಾರೂ ಹೇಳುವಂತಿರಲಿಲ್ಲ. ನೊಣ ಕೂತಷ್ಟೂ ಭಾರ ಬೀಳದ ಹಾಗೆ ಮೂರು ಸಲ ಹಿಮ್ಮಡಿ ತಾಗಿಸಿದೆ.

"ಹೋತೇನು?"

ಸಾಮಾನ್ಯವಾಗಿ ಮಂದಿ ನನ್ನ ಮಾತು ಮುಗಿಯುವುದರೊಳಗೇ ಉತ್ತರ ಕೊಟ್ಟಿರುತ್ತಾರೆ. ಅವನು ಸ್ವಲ್ಪ ತಡೆದ. ಆಮೇಲೆ, ಚೀಲದಲ್ಲಿ ಮುಖವಿಟ್ಟುಕೊಂಡೇ, "ಹೋತು" ಅಂದ.

ಅಕ್ಕ ಅವತ್ತು ನಮ್ಮ ಮನೆಯಲ್ಲಿ ಎರಡು ರೊಟ್ಟಿ ಉಂಡಳು.

ಅವನು ಮರಳಿ ಹೋದ. ತಂಡದ ಶಿಬಿರದಲ್ಲಿ ಮತ್ತೆ ಬೆನ್ನಿನ ಚಿತ್ರ ತೆಗೆದರು. ಬಿರುಕು ಬಹುಮಟ್ಟಿಗೆ ಕೂಡಿಕೊಂಡಿತ್ತು. ಉಳಿದದ್ದನ್ನು ಚಿತ್ರ ಹೇಳುವಂತಿರಲಿಲ್ಲ, ಅವನೇ ಹೇಳಬೇಕಿತ್ತು. ಏನು ಹೇಳಿದನೋ ನಮಗೆ ಆಗ ತಿಳಿಯದು. ಪ್ರವಾಸದ ತಂಡದಲ್ಲಿ ಅವನ ಹೆಸರು ಬಂದದ್ದಷ್ಟೇ ತಿಳಿಯಿತು. ಪ್ಯಾಟಿಯಲ್ಲಿ ಪೇಡೆ ಹಂಚಿದರು. ಪೇಡೆಯ ಜೊತೆಗೆ ನನ್ನ ಕಾಲಿನ ಕೀರ್ತಿಯನ್ನೂ ಹಂಚಿದರು.

ಪ್ರವಾಸದ ಮೊದಲ ಪಂದ್ಯ ನಮ್ಮ ಗಡಿಯಾರದಲ್ಲಿ ಬೆಳಗಿನ ಚಹದ ಹೊತ್ತಿಗೆ ಬರುತ್ತಿತ್ತು. ಮೊದಲ ಸರತಿಯಲ್ಲಿ ಚೆನ್ನಾಗಿಯೇ ಹಾಕಿದ. ವಿಕೆಟ್ಟೂ ಬಿತ್ತು. ಊಟದ ನಂತರ ಮತ್ತೆ ಚೆಂಡು ಕೈಗೆ ಬಂತು. ಅದೇ ಓಟ, ಅದೇ ಬಿರುಕು ದಾಟುವ ಹೆಜ್ಜೆ. ಮುಂಗಾಲು ಬಡಿಯಿತು. ಚೆಂಡು ಎಲ್ಲಿಗೋ ಹೋಯಿತು, ಕೀಪರ್ ಹಾರಿದರೂ ಸಿಗಲಿಲ್ಲ. ಅವನು ಮುಂದಕ್ಕೆ ಓಡಲಿಲ್ಲ. ಬಿಟ್ಟುಬಂದ ಯಾವುದೋ ಸಾಮಾನು ನೆನಪಾದವನ ಹಾಗೆ ಅಲ್ಲೇ ನಿಂತ. ಕೈ ಹಿಂದಕ್ಕೆ ಹೋಗಿ ಟೊಂಕ ಹಿಡಿಯಿತು. ಆಮೇಲೆ ಮೊಣಕಾಲೂರಿದ.

ಟೀವಿಯಲ್ಲಿ ಮಾತಾಡುವವರು ಪಾದವಿರಬಹುದು, ತೊಡೆಯ ಸ್ನಾಯುವಿರಬಹುದು ಎಂದು ಚರ್ಚಿಸುತ್ತಿದ್ದರು. ನಾನು ತಿರುಗಿ ನೋಡಿದಾಗ ಅಂಗಡಿಯಲ್ಲಿ ನಿಂತಿದ್ದ ಹಮಾಲರೆಲ್ಲ ತಮಗೆ ಗೊತ್ತಿಲ್ಲದೆಯೇ ತಮ್ಮ ತಮ್ಮ ಟೊಂಕದ ಮೇಲೆ ಕೈ ಇಟ್ಟುಕೊಂಡಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದು ನಡೆದದ್ದು ಮಾತ್ರ ಬಹಳ ನಿಧಾನವಾಗಿ. ಬೆನ್ನು ಕೊಯ್ದು ಸ್ಕ್ರೂ ಹಾಕಿದರು. ಮತ್ತೆ ನಡೆಯಲು ಕಲಿಸಿದರು, ಓಡಲು ಕಲಿಸಿದರು. ಬಾಗುವ ರೀತಿ ಬದಲಿಸು, ಓಟ ಗಿಡ್ಡ ಮಾಡು ಎಂದರು. ದೇಶದ ತಂಡ ಕರೆಯುವುದನ್ನು ಬಿಟ್ಟಿತು, ನಂತರ ರಾಜ್ಯದ ತಂಡ ಬಿಟ್ಟಿತು, ಕೊನೆಗೆ ಹಳೆಯ ಕ್ಲಬ್ಬಿನವರು ಪಂದ್ಯ ನೋಡಲು ಬಾ ಎಂದು ಕರೆಯತೊಡಗಿದರು. ವೇಗದ ಬೌಲರ್ ಎಂಬ ಬಿರುದಿನಲ್ಲಿ ಮೊದಲು ವೇಗ ಹೋಯಿತು, ಆಮೇಲೆ ಬೌಲರ್ ಹೋದ. ಉಳಿದವನು ಗಜೇಂದ್ರಗಡಕ್ಕೆ ಬಂದ.

ಈಗ ಅವನು ಅಪ್ಪನ ಸೀರೆ ಅಂಗಡಿಯಲ್ಲಿ ಕೂಡುತ್ತಾನೆ. ಗಾದಿಯ ಮೇಲೆ ಪದ್ಮಾಸನ ಹಾಕಿ ಕೂಡಲಾಗದು. ಅವನಿಗಾಗಿ ಎತ್ತರದ ಸ್ಟೂಲು ಮಾಡಿಸಿದ್ದಾರೆ. ಸೀರೆಯ ಗಂಟು ಎತ್ತುವಂತಿಲ್ಲ, ಕೆಳಗಿನ ಖಾನೆಗೆ ಬಗ್ಗುವಂತಿಲ್ಲ. ದೂರದ ಊರುಗಳಿಂದ ಹುಡುಗರು ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸೀರೆ ಕೊಳ್ಳುವುದಿಲ್ಲ. ಭಾವನವರು ಇದನ್ನು ಕೂಡ ದೇಶಸೇವೆ ಎಂದು ಸಹಿಸಿಕೊಂಡಿದ್ದಾರೆ.

ಊರಿನ ತೀರ್ಪು ಏನಾಗಿತ್ತೆಂದರೆ, ಸೋದರಮಾವ ಕಾಲು ಮುಟ್ಟಿಸಿದ್ದಕ್ಕೆ ಅಷ್ಟಾದರೂ ಆಡಿದ, ಇಲ್ಲದಿದ್ದರೆ ಆ ಒಂದು ವಿಕೆಟ್ಟೂ ಇರುತ್ತಿರಲಿಲ್ಲ. ನನ್ನ ಅಂಗಡಿಯ ಮುಂದಿನ ಸಾಲು ದುಪ್ಪಟ್ಟಾಯಿತು. ನರೇಗಲ್ಲಿನಿಂದ ಬಂದರು, ರಾಜೂರಿನಿಂದ ಬಂದರು. ಹೊಳೆ ಊರೊಳಗೆ ನುಗ್ಗಿದ ವರ್ಷ ಮನೆಯ ಸಾಮಾನು, ಮುದುಕರು, ಕರುಗಳನ್ನು ಬೆನ್ನ ಮೇಲೆ ಹೊತ್ತು ಮೇಲೇರಿದ ಮೆಣಸಗಿಯವರು ಗುಂಪಾಗಿಯೇ ಬಂದರು. ಇವರು ದೇಶದ ಟೀಮಿನವರಿಗೆ ಒದ್ದವರು ಎಂದು ಒಬ್ಬರಿಗೊಬ್ಬರು ಪರಿಚಯಿಸುತ್ತಿದ್ದರು. ಅಳಿಯನ ಬೆನ್ನು ಮುರಿದದ್ದರಿಂದ ಅಂತರರಾಷ್ಟ್ರೀಯ ಮಟ್ಟಕ್ಕೇರಿದ್ದು ನನ್ನ ಹಿಮ್ಮಡಿ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಾನು ಗಜೇಂದ್ರಗಡಕ್ಕೆ ಹೋಗಿದ್ದೆ. ದಿನಾ ಸಂಜಿ ನಡೆಯಬೇಕೆಂದು ಡಾಕ್ಟರರು ಅವನಿಗೆ ಹೇಳಿದ್ದರು. ಗುಡ್ಡದ ಕೆಳಗಿನ ಮೆಟ್ಟಿಲುಗಳವರೆಗೆ ಇಬ್ಬರೂ ಹೋದೆವು. ಮಾತಿಗೆ ಮಾತು ಬಂದು, ಆ ಪ್ರವಾಸಕ್ಕೆ ಮುಂಚೆ ಶಿಬಿರದಲ್ಲಿ ಏನು ನಡೆಯಿತೆಂದು ಕೇಳಿದೆ. ಅಲ್ಲಿ ಬ್ಯಾನಿಗೆ ಅಂಕ ಕೊಡುತ್ತಾರಂತೆ. ಏನೂ ಇಲ್ಲವಾದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಎಷ್ಟು ಎಂದು ಡಾಕ್ಟರು ಕೇಳಿದ್ದಕ್ಕೆ ಇವನು ಸೊನ್ನೆ ಅಂದನಂತೆ.

"ಇರಲಿಲ್ಲೇನು ಹಂಗಾದ್ರ?"

"ಇತ್ತಲ್ರಿ. ಅವತ್ತ ನಿಮ್ಮ ಅಂಗಡ್ಯಾಗೂ ಇತ್ತು."

"ಮತ್ತ?"

"ಹೋತೇನು ಅಂತ ಕೇಳಿದ್ರ ಹೋತು ಅನ್ನೂದಲ್ಲೇನ್ರಿ ಮಾಮಾ? ಸಣ್ಣಾಂವ ಇದ್ದಾಗಿಂದ ನಿಮ್ಮ ಅಂಗಡ್ಯಾಗ ಕುಂತು ನೋಡೀನಿ. ಇಲ್ಲ ಅಂದಾವ್ರು ಒಬ್ಬರೂ ಇಲ್ಲ." ಸ್ವಲ್ಪ ಹೊತ್ತು ನಡೆದು, "ನನ್ನ ಜಾಗಾದಾಗ ಆ ಹುಡುಗನೂ ಚಲೋ ಹಾಕಾಕತ್ತಿದ್ದ" ಎಂದ.

ನಮ್ಮ ಸೀಮೆಯಲ್ಲಿ ಬ್ಯಾನಿಗೆ ಹತ್ತು ಅಂಕಗಳಿಲ್ಲ. ಕೇಳುವವರೆಗೆ ಇರುತ್ತದೆ, ಕೇಳಿದ ಮೇಲೆ ಹೋಗುತ್ತದೆ. ಅದನ್ನು ಆ ಡಾಕ್ಟರರಿಗೆ ಯಾರು ತಿಳಿಸಬೇಕಿತ್ತು?

ಅಕ್ಕ ಈಗಲೂ ದಿನಾ ಬೆಳಿಗ್ಗೆ ಚಹ ಕೊಡುವಾಗ ಅವನನ್ನು ಅದೇ ಪ್ರಶ್ನೆ ಕೇಳುತ್ತಾಳೆ. ಅವನು ಹೋತವ್ವ ಎನ್ನುತ್ತಾನೆ. ದಿನಾ ಕೇಳತಾಳ, ದಿನಾ ಹೋಗತೈತಿ ಎಂದು ಹೇಳಿ ನಕ್ಕ. ನನಗೂ ನಗು ಬಂತು. ನಾವು ಹಾಗೆ ನಗುತ್ತಲೇ ಮೆಟ್ಟಿಲು ಹತ್ತುತ್ತಿರುವಾಗ ಅವನ ಎಡಗಾಲ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವನು ನಿಲ್ಲಲಿಲ್ಲ. ಬರಿಗಾಲಲ್ಲಿ ಕಲ್ಲಿನ ಮೇಲೆ ಹೆಜ್ಜೆ ಇಡುತ್ತ ಮುಂದೆ ಹೋದ. ಚಪ್ಪಲಿ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಎತ್ತಿಕೊಂಡು ಹೋಗಿ ಅವನ ಮುಂದಿಟ್ಟೆ. ಅವನು ಚಪ್ಪಲಿಯನ್ನೂ ಕಾಲನ್ನೂ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳ ಹಾಗೆ ನೋಡಿದ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ಕಾಲಿಗೆ ಜೋಮು ಹಿಡಿದರೆ ಅದೇ ದಿನ ಬಂದುಬಿಡು, ತಡ ಮಾಡಿದರೆ ಕಾಲು ಕೈಗೆ ಹತ್ತುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರರು ಎಚ್ಚರಿಸಿದ್ದರಂತೆ. ಇವನು ಹೋಗಿಲ್ಲ. ಮತ್ತೆ ಕೊಯ್ಯುತ್ತಾರೆ ಎಂದು ಅವ್ವ ಅಂಜುತ್ತಾಳೆ, ಅವಳಿಗೆ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡ. ನಾಳೆ ಹೋಗುತ್ತೇನೆ ಎಂದ. ಮರುದಿನ ರೋಣದಿಂದ ಫೋನು ಮಾಡಿ ಕೇಳಿದರೆ, ಆರಾಮ ಐತ್ರಿ, ಹೋತು, ಅಂದ.

ಆ ರವಿವಾರ ಹೊಸ್ತಿಲು ಸಾರಿಸುವ ಹೊತ್ತಿಗೆ ಅವರ ಕಾರು ಬಂದು ನಿಂತಿತು. ಮಗ ಕಾಲೆಳೆದು ನಡೆಯುವುದನ್ನು ಅಕ್ಕ ನೋಡಿದ್ದಳು. ಚಳಿಗೆ ಟೊಂಕ ಹಿಡಿದಿದೆ ಎಂದು ಅವಳ ನಿರ್ಣಯ. ಕಟ್ಟೆಯ ಮೇಲೆ ಆಗಲೇ ಮಂದಿ ಕೂತಿದ್ದರು. ಅವರು ಎದ್ದು ದಾರಿ ಬಿಟ್ಟರು. ದೇಶದ ಟೀಮಿನವರಿಗೆ ಸಾಲಿಲ್ಲ.

ಅವನು ನನ್ನ ಮುಖ ನೋಡಲಿಲ್ಲ. ಮಗ್ಗುಲಾಗಿ, ಬೋರಲಾಗಿ, ಹಣೆಯನ್ನು ಚೀಲಕ್ಕೆ ಊರಿ ಮಲಗಿದ. ಅಕ್ಕ ಅವನ ಕಾಲ ಬಳಿ ಕೈ ಮುಗಿದು ನಿಂತಳು. ಬೆನ್ನಿನ ಮೇಲೆ ಈಗ ಕೊಯ್ದ ಗೆರೆ ಉದ್ದಕ್ಕೆ ಬಿದ್ದಿತ್ತು. ಬಿಲ್ಲು ಎಲ್ಲೂ ಕಾಣಲಿಲ್ಲ.

ನಾನು ಬೆನ್ನಿನ ಹತ್ತಿರ ಹೋಗಲಿಲ್ಲ. ಕೆಳಗೆ ಸರಿದು, ಅವನ ಎಡ ಅಂಗಾಲಿನ ಮೇಲೆ ನನ್ನ ಹಿಮ್ಮಡಿ ಇಟ್ಟೆ. ಈ ಸಲ ನೊಣದ ಹಾಗಲ್ಲ. ಸ್ವಲ್ಪ ಭಾರ ಬಿಟ್ಟೇ ಒತ್ತಿದೆ. ಒಂದು. ಎರಡು. ಮೂರು. ನಂತರ ಹಿಂದೆ ಸರಿದು ನಿಂತೆ. ಹೋತೇನು ಎಂದು ಕೇಳಲಿಲ್ಲ.

ಕೇಳು ಎಂದು ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಕೇಳಲಿಲ್ಲ. ಅವನು ಕಾಯುತ್ತಿದ್ದ. ಕಾದು ಕಾದು, ಮಾತಾಡಬಾರದ ಹೊತ್ತಿನಲ್ಲಿ, ಚೀಲದೊಳಗಿನಿಂದ ಅಂದ:

"ಮಾಮಾ, ಮುಟ್ಟಸ್ರಿ ಲಗೂ."

ಅಕ್ಕನ ಮುಗಿದ ಕೈಗಳು ಹಾಗೇ ನಿಂತವು. ಅವಳು ನನ್ನ ಕಾಲನ್ನು ನೋಡಿದಳು, ಮಗನ ಅಂಗಾಲನ್ನು ನೋಡಿದಳು. ಅಲ್ಲಿ ನನ್ನ ಹಿಮ್ಮಡಿಯ ಗುರುತು ಇನ್ನೂ ಬೆಳ್ಳಗೆ ಮೂಡಿತ್ತು. ಆಮೇಲೆ ನೆಲಕ್ಕೆ ಕುಕ್ಕರಿಸಿ, ಆ ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡು, ಹೆಬ್ಬೆರಳನ್ನು ಉಗುರಿನಿಂದ ಚಿವುಟಿದಳು.

"ಇಲ್ಲಿ ಗೊತ್ತಾಗತೈತೇನು?"

ಅವನು ತಲೆ ಎತ್ತಿ ಹಿಂದೆ ತಿರುಗಿ ನೋಡಿದ. ಅವ್ವನ ಕೈಯಲ್ಲಿ ತನ್ನ ಕಾಲು ಇರುವುದು ಅವನಿಗೆ ತಿಳಿದದ್ದು ಕಣ್ಣಿನಿಂದ. ನನ್ನ ಕಡೆ ನೋಡಿದ. ಅವನ ಬಾಯಿಗೆ ಯಾವ ಮಾತು ಬರಲಿತ್ತೆಂದು ನನಗೆ ಗೊತ್ತಿತ್ತು; ಅದು ಬರಲಿಲ್ಲ.

"ಇಲ್ಲ" ಅಂದ.

"ಇಲ್ಲಿ?"

"ಇಲ್ಲವ್ವ."

"ಇಲ್ಲಿ?"

"ಇಲ್ಲ."

ಬೆರಳಿನಿಂದ ಪಾದಕ್ಕೆ, ಪಾದದಿಂದ ಹರಡಿನ ಗಂಟಿಗೆ ಅವಳ ಉಗುರು ಏರುತ್ತ ಹೋಯಿತು. ಹೊರಗೆ ಕಟ್ಟೆಯ ಮೇಲಿದ್ದವರು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ನಮ್ಮ ಅಂಗಡಿಯಲ್ಲಿ ಆ ಮಾತನ್ನು ಅವರು ಮೊದಲ ಸಲ ಕೇಳುತ್ತಿದ್ದರು. ನಾನು ಡ್ರೈವರನಿಗೆ ಗಾಡಿಯನ್ನು ಹುಬ್ಬಳ್ಳಿಯ ಕಡೆ ತಿರುಗಿಸಲು ಹೇಳಿದೆ. ಇಬ್ಬರು ಹಮಾಲರು ಬಂದು, ಚೀಲ ಎತ್ತುವಾಗ ತೋರಿಸದ ಎಚ್ಚರಿಕೆಯಿಂದ, ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾನು ಮುಂದೆ ಕೂತೆ. ಗಾಡಿ ಹೊರಡುವಾಗ ಮೆಣಸಗಿಯ ಮುದುಕನೊಬ್ಬ ಟೊಂಕ ಹಿಡಿದುಕೊಂಡೇ ಕಿಟಕಿಯ ಹತ್ತಿರ ಬಂದು, ನಾವು ಕುಂಡ್ರೂಣೇನ್ರಿ, ಹೋಗೂಣೇನ್ರಿ, ಎಂದು ಕೇಳಿದ.

ಹುಬ್ಬಳ್ಳಿಯ ದಾರಿ ನರಗುಂದದ ಮೇಲೆಯೇ ಹೋಗುತ್ತದೆ. ಟಗರು ಗೆದ್ದ ಊರು ಬಂತು. ಅವನು ಮಲಗಿದ್ದವನು, ಕಿಟಕಿಯಾಚೆ ಅವನಿಗೆ ಕಂಡಿದ್ದರೆ ಗುಡ್ಡದ ತುದಿಯಷ್ಟೇ ಕಂಡಿರಬೇಕು. ಹಿಂದೆ ಅಕ್ಕ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಬೆರಳಿನಿಂದ ಶುರು ಮಾಡಿದ್ದಳು. ಊರು ದಾಟಿ ಎರೆ ಹೊಲಗಳು ಬಂದ ಮೇಲೂ ಅವಳು ಕೇಳುವುದನ್ನು ನಿಲ್ಲಿಸಲಿಲ್ಲ. ಅವನು ಪ್ರತಿ ಸಲವೂ ಇಲ್ಲ ಎಂದೇ ಹೇಳಿದ.